ಈ ಪಟ ಯಾರಿಗೆ?

1

ನಮ್ಮೂರಿನ ಕಂದಾಯ ನಕಾಶೆಯನ್ನು ನಾವು ಮೊದಲ ಸಲ ಕಂಡದ್ದು ನಮ್ಮೂರಲ್ಲಲ್ಲ. ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ, ಕಂಪ್ಯೂಟರ್ ಪರದೆಯ ಮೇಲೆ.

ನಾವೆಂದರೆ ಮೂವರು. ಇಬ್ಬರು ಹುಡುಗರು, ಒಬ್ಬಳು ಹುಡುಗಿ. ಬೇರೆ ಬೇರೆ ತಾಲೂಕಿನವರು. ಮೂವರ ಮನೆಯಲ್ಲೂ ಡಿಗ್ರಿ ಕಾಗದ ಹಿಡಿದ ಮೊದಲ ಕೈ ನಮ್ಮದೇ. ಭೂಗೋಳಶಾಸ್ತ್ರದ ಎಂ.ಎಸ್ಸಿ. ಎರಡನೆಯ ವರ್ಷದಲ್ಲಿ ‘ಉನ್ನತ ಭೌಗೋಳಿಕ ಮಾಹಿತಿ ವ್ಯವಸ್ಥೆ’ ಎಂಬ ವಿಷಯ ಆರಿಸಿಕೊಂಡೆವು. ಉದ್ದದ ಹೆಸರು. ಎಲ್ಲರೂ ಜಿಐಎಸ್ ಅಂತಾರೆ, ನಾವೂ ಹಾಗೇ ಅನ್ನೋಣ. ಅದನ್ನೇ ಯಾಕೆ ಆರಿಸಿಕೊಂಡಿರಿ ಎಂದು ಕೇಳಿದರೆ ಸುಳ್ಳು ಹೇಳುವುದಿಲ್ಲ, ಕೆಲಸ ಸಿಗುತ್ತದೆ ಅಂತ. ಕವಿತೆ ಬರೆಯುವ ಚಟ ಇರುವವರಿಗೂ ಹೊಟ್ಟೆ ಇರುತ್ತದೆ.

ಹಳ್ಳಿಯ ಮೇಷ್ಟರುಗಳು ಈ ಪತ್ರಿಕೆ ಓದುತ್ತಾರೆ. ಅವರಿಗಾಗಿ ಎರಡು ಮಾತು. ಎಣ್ಣೆಕಾಗದದ ಮೇಲೆ ಹೊಲಗಳ ಗೆರೆ ಬರೆದಿದ್ದೀರಿ ಎನ್ನಿ. ಇನ್ನೊಂದು ಎಣ್ಣೆಕಾಗದದಲ್ಲಿ ಕೆರೆ-ಹಳ್ಳ, ಮತ್ತೊಂದರಲ್ಲಿ ರಸ್ತೆ, ಮಗದೊಂದರಲ್ಲಿ ಮನೆ. ಇವನ್ನೆಲ್ಲ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಯಾವುದು ಯಾವುದರ ಮೇಲೆ ಬಿತ್ತು ಅಂತ ತಿಳಿಯುತ್ತದೆ. ಇಷ್ಟನ್ನು ಕಂಪ್ಯೂಟರಿನಲ್ಲಿ, ಸಾವಿರಾರು ಊರುಗಳಿಗೆ ಒಂದೇ ಸಲ ಮಾಡುವುದು ಜಿಐಎಸ್. 1960ರ ದಶಕದಲ್ಲಿ ಕೆನಡಾ ದೇಶದವರು ತಮ್ಮ ವಿಸ್ತಾರವಾದ ನೆಲದಲ್ಲಿ ಎಲ್ಲಿ ಬೆಳೆ, ಎಲ್ಲಿ ಕಾಡು ಎಂದು ಲೆಕ್ಕ ಹಾಕಲು ಹೊರಟಾಗ ರೋಜರ್ ಟಾಮ್ಲಿನ್ಸನ್ ಎಂಬಾತ ಇದನ್ನು ಕಟ್ಟಿದ. ಆಗ ಕೋಣೆ ತುಂಬುವ ಯಂತ್ರ ಬೇಕಿತ್ತು. ಈಗ 2002ರಲ್ಲಿ ಶುರುವಾದ ಕ್ಯೂಜಿಐಎಸ್ ಎಂಬ ಸಾಫ್ಟ್‌ವೇರನ್ನು ಒಂದು ಪೈಸೆ ಕೊಡದೆ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ವಿದ್ಯೆ ಅಗ್ಗವಾಗಿದೆ. ಹಾಗಾಗಿಯೇ ನಮ್ಮಂಥವರ ಕೈಗೂ ಬಂದಿದೆ.

ಮೊದಲ ವಾರದ ಪಾಠ: ನಿಮ್ಮ ನಿಮ್ಮ ಊರಿನ ನಕಾಶೆ ಇಳಿಸಿಕೊಂಡು ಅದರ ಮೇಲೆ ಉಪಗ್ರಹದ ಚಿತ್ರ ಕೂರಿಸಿ. ಇಳಿಸಿಕೊಂಡೆವು. ಸರ್ವೆ ನಂಬರುಗಳಿದ್ದವು. ಕೆರೆಯಿತ್ತು. ಬಂಡಿದಾರಿ ಚುಕ್ಕಿಗೆರೆಯಲ್ಲಿತ್ತು. ಗುಡಿಗೆ ಗುರುತಿತ್ತು, ಬಾವಿಗೆ ಗುರುತಿತ್ತು. ನಡುವೆ ಗ್ರಾಮಠಾಣಾ ಎಂದು ಬರೆದ ಒಂದು ಸುತ್ತು. ನಮ್ಮ ಕೇರಿ ಎಲ್ಲಿ? ಇಬ್ಬರ ಊರಿನಲ್ಲಿ ಕೇರಿ ಆ ಸುತ್ತಿನ ಹೊರಗೆ, ಖರಾಬು ಎಂದು ಬರೆದ ಜಾಗದಲ್ಲಿ ಬಿದ್ದಿತ್ತು. ಖರಾಬು ಅಂದರೆ ಉಳುಮೆಗೆ ಬಾರದ ನೆಲ. ನೂರಾರು ಜನ ಹುಟ್ಟಿ, ಮದುವೆಯಾಗಿ, ಸತ್ತ ಜಾಗ ಅದು. ಮೂರನೆಯವಳ ಊರಿನಲ್ಲಿ ಕೇರಿ ಸುತ್ತಿನ ಒಳಗೇ ಇತ್ತು. ಆದರೆ ಊರು ಯಾವುದು ಕೇರಿ ಯಾವುದು ಗೊತ್ತಾಗದಂತೆ ಎಲ್ಲ ಒಂದೇ ಬಿಳಿ. ನಕಾಶೆಯಲ್ಲಿ ಅಸ್ಪೃಶ್ಯತೆ ನಿವಾರಣೆಯಾಗಿತ್ತು!

ನಕ್ಕೆವು. ಆಮೇಲೆ ನಗು ನಿಂತಿತು. ಮೇಲಿನಿಂದ ನೋಡುವ ವಿದ್ಯೆ ಕೆಳಗಿನವರ ಕೈಗೆ ಬಂದರೆ ಅದನ್ನು ಏನು ಮಾಡಬೇಕು? ಗೆರೆ ಎಳೆಯುವವರು ಯಾರಿಗೆ ಉತ್ತರ ಹೇಳಬೇಕು? ಎರಡು ವರ್ಷದ ಪಾಠದಲ್ಲಿ ಈ ಪ್ರಶ್ನೆ ಎಲ್ಲೂ ಬರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ.

2

ನಮ್ಮವರಿಗೂ ನಕಾಶೆಗೂ ಸಂಬಂಧವೇ ಇರಲಿಲ್ಲ ಅಂತ ತಿಳಿಯಬೇಡಿ. ಸಂಬಂಧ ಇತ್ತು, ಬಹಳ ಹಳೆಯದು.

ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕುಳವಾಡಿ ಎಂಬ ಕೆಲಸ ಹೊಲೆಯರ ಮನೆತನದ್ದು. ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಅಧಿಕಾರಿಯೊಬ್ಬ ಬರೆದಿಟ್ಟದ್ದನ್ನು ಎಡ್ಗರ್ ಥರ್ಸ್ಟನ್ 1909ರಲ್ಲಿ ಬಂದ ತನ್ನ ಜಾತಿ-ಬುಡಕಟ್ಟುಗಳ ಗ್ರಂಥದಲ್ಲಿ ಸೇರಿಸಿದ್ದಾನೆ. ಎರಡು ಊರಿನ ನಡುವೆ ಗಡಿ ಜಗಳ ಬಂದರೆ ಕುಳವಾಡಿಯನ್ನು ಕರೆಸುತ್ತಿದ್ದರು. ಊರಿನ ಮಣ್ಣಿನಿಂದ ಉಂಡೆ ಮಾಡಿ, ನಡುವೆ ನೀರಿಟ್ಟು, ಅದನ್ನು ಹೊತ್ತು ಅವನು ಗಡಿಯುದ್ದಕ್ಕೂ ನಡೆಯಬೇಕು. ಸರಿಯಾದ ಗಡಿಯ ಮೇಲೆ ನಡೆದರೆ ಉಂಡೆ ಹಾಗೇ ಇರುತ್ತದೆ. ಗಡಿ ತಪ್ಪಿದರೆ ಉಂಡೆ ಒಡೆಯುತ್ತದೆ, ಅವನು ಹದಿನೈದು ದಿನದೊಳಗೆ ಸಾಯುತ್ತಾನೆ, ಅವನ ಮನೆ ಹಾಳು ಬೀಳುತ್ತದೆ. ಇದು ನಂಬಿಕೆ.

ಯೋಚಿಸಿ ನೋಡಿ. ಒಂದು ಗುಂಟೆ ನೆಲ ಇಲ್ಲದವನು ಊರಿನ ಇಡೀ ನೆಲಕ್ಕೆ ಸಾಕ್ಷಿ. ಗೌಡನಿಗೆ ತನ್ನ ಹೊಲದ ಬದು ಗೊತ್ತು, ಶಾನುಭೋಗನಿಗೆ ತನ್ನ ಕಡತ ಗೊತ್ತು. ಊರಿನ ಗಡಿ ಗೊತ್ತಿದ್ದದ್ದು ಊರೊಳಗೆ ಬಿಟ್ಟುಕೊಳ್ಳದ ಮನುಷ್ಯನಿಗೆ. ಅವನ ಕಾಲೇ ಸರಪಳಿ, ಅವನ ನೆನಪೇ ನಕಾಶೆ. ತಪ್ಪಿದರೆ ಸಾಯುವವನೂ ಅವನೇ. ಜಗಳ ಆಡಿದ ಎರಡೂ ಊರಿನ ಒಡೆಯರಿಗೆ ಸಾವಿನ ಶರತ್ತು ಇರಲಿಲ್ಲ.

ಆಮೇಲೆ ಕಂಪನಿ ಸರ್ಕಾರ ಬಂತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬೆನ್ನಲ್ಲೇ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ಇಳಿದ. ಗೆದ್ದ ನೆಲವನ್ನು ಅಳೆಯದೆ ಬಿಡುವ ದೊರೆ ಯಾರಿದ್ದಾನೆ? 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದರಾಸಿನಲ್ಲಿ ಬುನಾದಿ ಗೆರೆ ಅಳೆದು, ಮುಂದೆ ಹಿಮಾಲಯದವರೆಗೆ ಹೋದ ಮಹಾ ತ್ರಿಕೋನಮಿತಿಯ ಸರ್ವೆಯನ್ನು ಶುರು ಮಾಡಿದ. ಪುಸ್ತಕಗಳಲ್ಲಿ ಲ್ಯಾಂಬ್ಟನ್ ಇದ್ದಾನೆ, ಅವನ ನಂತರದ ಎವರೆಸ್ಟ್ ಇದ್ದಾನೆ. ಸರಪಳಿ ಎಳೆದವರು, ಯಂತ್ರ ಹೊತ್ತವರು, ಜ್ವರ ಬಂದು ಕಾಡಿನಲ್ಲೇ ಸತ್ತವರು ಹೆಸರಿಲ್ಲದ ಖಲಾಸಿಗಳು. 1863ರಿಂದ ಮೈಸೂರಿನಲ್ಲಿ ಕಂದಾಯ ಸರ್ವೆ ನಡೆಯಿತು. ಹೊಲ ಹೊಲಕ್ಕೂ ಕಲ್ಲು ಬಿತ್ತು, ನಂಬರು ಬಿತ್ತು. ಕುಳವಾಡಿಯ ಬಾಯಿಮಾತು ಕಾಗದಕ್ಕೆ ಇಳಿಯಿತು. ಕಾಗದ ಕಚೇರಿಯ ಬೀರುವಿಗೆ ಹೋಯಿತು. ಕಂದಾಯ ಹುಟ್ಟುವ ಹೊಲವನ್ನು ಅಂಗುಲ ಬಿಡದೆ ಅಳೆದರು. ಕಂದಾಯ ಹುಟ್ಟದ ಮನೆಗಳ ಜಾಗವನ್ನು ಗ್ರಾಮಠಾಣಾ ಎಂದು ಒಂದು ಸುತ್ತು ಹಾಕಿ ಬಿಟ್ಟರು. ಆ ಸುತ್ತಿನೊಳಗಿನ ಮನೆಮನೆಯನ್ನು ಅಳೆಯಲು ಡ್ರೋನ್ ಹಾರಿಸುವ ಸ್ವಾಮಿತ್ವ ಯೋಜನೆ ಬಂದದ್ದು 2020ರಲ್ಲಿ. ದಾಖಲೆಯಿಲ್ಲದ ಹಟ್ಟಿ, ತಾಂಡಾಗಳಿಗೆ ಹಕ್ಕುಪತ್ರ ಕೊಡಲು ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದದ್ದು 2017ರಲ್ಲಿ. ಅಲ್ಲಿಯತನಕ ನಮ್ಮವರು ಎಲ್ಲಿ ವಾಸವಿದ್ದರು? ನೆಲದ ಮೇಲೆ ಇದ್ದರು, ನಕಾಶೆಯಲ್ಲಿ ಇರಲಿಲ್ಲ.

3

ಈಗ ಪ್ರಯೋಗಶಾಲೆಗೆ ವಾಪಸು ಹೋಗೋಣ.

ಸೆಂಟಿನೆಲ್-2 ಎಂಬ ಯುರೋಪಿನ ಉಪಗ್ರಹ 2015ರಿಂದ ಭೂಮಿಯ ಚಿತ್ರ ತೆಗೆಯುತ್ತಿದೆ. ಚಿತ್ರಗಳು ಪುಕ್ಕಟೆ. ಅದರ ಒಂದು ಪಿಕ್ಸೆಲ್, ಅಂದರೆ ಚಿತ್ರದ ಒಂದು ಚೌಕ, ನೆಲದ ಮೇಲೆ 10 ಮೀಟರ್ ಉದ್ದ 10 ಮೀಟರ್ ಅಗಲ. ಅಡಿಯಲ್ಲಿ ಹೇಳಿದರೆ ಹೆಚ್ಚೂಕಡಿಮೆ 33 ಅಡಿಗೆ 33 ಅಡಿ. ಇದು ನಮಗೆ ಹೊಸ ಅಳತೆಯಲ್ಲ. ನಮ್ಮ ಸರ್ವೆಯವರ ಸರಪಳಿ 33 ಅಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದರೆ ಒಂದು ಗುಂಟೆ. ಆಕಾಶದ ಯಂತ್ರ ನೆಲವನ್ನು ನಮ್ಮಂತೆಯೇ ಗುಂಟೆ ಗುಂಟೆಯಾಗಿ ನೋಡುತ್ತಿದೆ!

ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಪ್ರತಿ ಚೌಕಕ್ಕೂ ಯಂತ್ರ ಒಂದೇ ಹೆಸರು ಕೊಡುತ್ತದೆ. ಬೆಳೆ, ನೀರು, ಬಯಲು, ಕಟ್ಟಡ, ಇವುಗಳಲ್ಲಿ ಯಾವುದು ಹೆಚ್ಚಿದೆಯೋ ಅದರ ಹೆಸರು. ಕೇರಿಯ ಒಂದು ಮನೆ ಅರ್ಧ ಗುಂಟೆಯೂ ಇಲ್ಲ. ಅರ್ಧ ಮನೆ, ಅರ್ಧ ತಿಪ್ಪೆ, ಒಂದು ಹೊಂಗೆಮರದ ನೆರಳು. ಹೀಗೆ ಬೆರೆತ ಚೌಕವನ್ನು ನೋಡಿ ಯಂತ್ರ ‘ಬಯಲು’ ಎಂದು ಬರೆಯಿತು. ಗೌಡರ ತೊಟ್ಟಿಮನೆ ನಾಲ್ಕಾರು ಚೌಕ ತುಂಬಿ ಕೆಂಪಗೆ ‘ಕಟ್ಟಡ’ ಎಂದು ಎದ್ದು ನಿಂತಿತು. ಯಂತ್ರಕ್ಕೆ ಜಾತಿ ಗೊತ್ತಿಲ್ಲ ನಿಜ. ಆದರೆ ಜಾತಿ ಈಗಾಗಲೇ ನೆಲವನ್ನು ಹಂಚಿಟ್ಟಿದೆ. ಯಂತ್ರ ಆ ಹಂಚಿಕೆಯನ್ನು ನಿಯತ್ತಿನಿಂದ ನಕಲು ಮಾಡುತ್ತದೆ. ಯಂತ್ರ ನಿಷ್ಪಕ್ಷಪಾತಿ ಎಂದು ಹೇಳುವ ಪಂಡಿತರು ಇಷ್ಟನ್ನು ತಿಳಿಯಬೇಕು.

ಎರಡನೆಯದು ಘಟಕದ ಪ್ರಶ್ನೆ. ಜಿಐಎಸ್ ಓದುವವರೆಲ್ಲ ಕಲಿಯುವ ಒಂದು ಪಾಠವಿದೆ: ಲೆಕ್ಕ ಹಾಕುವ ಗಡಿಯನ್ನು ಬದಲಿಸಿದರೆ ಉತ್ತರವೂ ಬದಲಾಗುತ್ತದೆ. ಜನಗಣತಿಯ ಗ್ರಾಮ ಸೌಲಭ್ಯಗಳ ಪಟ್ಟಿಗೆ ಹಳ್ಳಿಯೇ ಘಟಕ. ನಲ್ಲಿ ನೀರು ಇದೆಯೇ? ಇದೆ. ಎಲ್ಲಿದೆ? ಅದನ್ನು ಪಟ್ಟಿ ಕೇಳುವುದಿಲ್ಲ. ಊರಬಾವಿಯ ಹಗ್ಗ ಮುಟ್ಟಬಾರದು ಎಂದು ಹೊಡೆಸಿಕೊಂಡವನೂ ಆ ‘ಇದೆ’ ಎಂಬುದರ ಒಳಗೇ ಸೇರಿಹೋಗುತ್ತಾನೆ. ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಮಾತಾಡುತ್ತಾ, ಕರಡು ಸಂವಿಧಾನ ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ತೆಗೆದುಕೊಂಡದ್ದು ತಮಗೆ ಸಂತೋಷ ಎಂದಿದ್ದರು. ಆಗ ಹಳ್ಳಿಯ ಭಕ್ತರಿಗೆ ಸಿಟ್ಟು ಬಂದಿತ್ತು. ಬಾಬಾಸಾಹೇಬರ ಕೈಯಲ್ಲಿ ಕಂಪ್ಯೂಟರ್ ಇರಲಿಲ್ಲ. ಆದರೂ ಹಳ್ಳಿ ಒಂದೇ ಘಟಕ ಎಂಬ ಸುಳ್ಳಿನೊಳಗೆ ಯಾರು ಮುಚ್ಚಿಹೋಗುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು.

ಮೂರನೆಯದು ದೂರ. ದಾರಿಜಾಲದ ಪಾಠದ ದಿನ ಒಂದು ಮನೆಯಿಂದ ನೀರಿನ ಟ್ಯಾಂಕಿಗೆ ಅತಿ ಹತ್ತಿರದ ದಾರಿ ಕಂಡುಹಿಡಿಯಬೇಕಿತ್ತು. ಗುಂಡಿ ಒತ್ತಿದೆವು. 340 ಮೀಟರ್ ಎಂದಿತು. ನಮ್ಮ ಗೆಳತಿ ಪರದೆಯನ್ನು ನೋಡುತ್ತಾ ‘ಇದು ನಮ್ಮವ್ವ ಹೋಗೋ ದಾರಿ ಅಲ್ಲ’ ಅಂದಳು. ಯಂತ್ರ ತೋರಿಸಿದ ದಾರಿ ಮೇಲಿನವರ ಬೀದಿಯ ನಡುವೆ ಹಾದು ಹೋಗುತ್ತಿತ್ತು. ಅವ್ವ ಹೋಗುವುದು ಊರ ಹಿಂದಿನ ಸುತ್ತುದಾರಿ, ಅದರ ಎರಡು ಪಟ್ಟಿಗೂ ಹೆಚ್ಚು. ಕೊಡ ಹೊತ್ತ ಹೆಂಗಸಿಗೆ ಒಂದು ದೂರ, ಹೆಣ ಹೊತ್ತ ನಾಲ್ಕು ಗಂಡಸರಿಗೆ ಇನ್ನೊಂದು ದೂರ, ಮದುವೆಯ ದಿನ ಕುದುರೆ ಏರಿದ ಹುಡುಗನಿಗೆ ಮತ್ತೊಂದು ದೂರ. ರಸ್ತೆ ಮಾತ್ರ ಅದೇ.

ಮೇಷ್ಟರನ್ನು ಕೇಳಿದೆವು. ‘ಅದನ್ನೆಲ್ಲ ಸಾಫ್ಟ್‌ವೇರ್‌ನಲ್ಲಿ ಹಾಕೋಕೆ ಆಗಲ್ಲ’ ಎಂದರು. ಆಗುತ್ತದೆ. ಲಾರಿ ಹೋಗಬಾರದ ರಸ್ತೆ, ಒಂದೇ ಕಡೆ ಸಂಚಾರದ ರಸ್ತೆ, ಮಳೆಗಾಲದಲ್ಲಿ ಮುಚ್ಚುವ ರಸ್ತೆ, ಇವಕ್ಕೆಲ್ಲ ಸಾಫ್ಟ್‌ವೇರ್‌ನಲ್ಲಿ ತಡೆ ಹಾಕಲು ಜಾಗವಿದೆ. ಲಾರಿಗೆ ತಡೆ ಹಾಕುವ ತಂತ್ರ ಮನುಷ್ಯರಿಗೆ ಬಿದ್ದ ತಡೆಯನ್ನು ತೋರಿಸಲೂ ಸಾಕು. ತಂತ್ರ ಇದೆ, ಕೇಳುವವರಿಲ್ಲ, ಅಷ್ಟೇ.

ಇಲ್ಲಿ ನಮ್ಮೊಳಗೇ ಒಂದು ಜಗಳವಾಯಿತು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ನಾವೇ ಹೋಗಿ ‘ಈ ಬೀದಿ ಇವರಿಗೆ ಮುಚ್ಚಿದೆ’ ಎಂದು ನಕಾಶೆಯಲ್ಲಿ ಬರೆದರೆ ಆ ಹೊಲಸನ್ನು ಒಪ್ಪಿಕೊಂಡಂತೆ ಆಗುವುದಿಲ್ಲವೆ? ಬಹಳ ಹೊತ್ತು ವಾದ ಮಾಡಿದೆವು. ಕೊನೆಗೆ ಹೊಳೆದದ್ದು ಇಷ್ಟು. ಡಾಕ್ಟರು ಚೀಟಿಯಲ್ಲಿ ಕ್ಷಯ ಎಂದು ಬರೆದರೆ ಅವರು ಕ್ಷಯದ ಪಕ್ಷದವರಾಗುವುದಿಲ್ಲ. ಬರೆಯದೆ ಬಿಟ್ಟರೆ ಮಾತ್ರ ಆಗುತ್ತಾರೆ.

4

ಇಲ್ಲಿಯವರೆಗಿನದು ಸುಲಭದ ಭಾಗ. ಕಂಡಿಲ್ಲದವರನ್ನು ಕಾಣಿಸಿ, ನಕಾಶೆಯಲ್ಲಿ ಇಲ್ಲದವರನ್ನು ಸೇರಿಸಿ. ಬಂಡಾಯದ ಭಾಷಣಕ್ಕೆ ಇದು ಒಪ್ಪುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಕಷ್ಟದ ಭಾಗ ಕೊನೆಯ ಸೆಮಿಸ್ಟರಿನ ಯೋಜನಾ ಕೆಲಸದಲ್ಲಿ ಬಂತು.

ನಮಗೆ ಸಿಕ್ಕ ವಿಷಯ ಕೆರೆ ಒತ್ತುವರಿ. ಒಂದು ಕೆರೆಯನ್ನು ಗೊತ್ತು ಮಾಡಿಕೊಟ್ಟರು. ಹಳೆಯ ಸರ್ವೆ ನಕಾಶೆಯ ಕೆರೆ ಗಡಿಯನ್ನು ಹೊಸ ಚಿತ್ರದ ಮೇಲೆ ಕೂರಿಸಿ, ಗಡಿಯೊಳಗೆ ಕಟ್ಟಡ ಕಂಡರೆ ಒತ್ತುವರಿ ಎಂದು ಗುರುತು ಹಾಕುವುದು ಕೆಲಸ. ಈ ಸಲ ಚಿತ್ರ ಹತ್ತು ಮೀಟರಿನದಲ್ಲ, ಅರ್ಧ ಮೀಟರಿನದು. ಗುಡಿಸಲಿನ ಮೇಲೆ ಹೊದಿಸಿದ ನೀಲಿ ತಾಡಪಾಲು ಕೂಡ ಕಾಣುತ್ತಿತ್ತು. ಸೌಲಭ್ಯ ಲೆಕ್ಕ ಹಾಕುವಾಗ ನಮ್ಮ ಮನೆಗಳು ಕಾಣದಷ್ಟು ಚಿಕ್ಕವು. ಕೀಳಿಸುವಾಗ ಮಾತ್ರ ಕಾಸು ಕೊಟ್ಟು ಒಳ್ಳೆಯ ಕಣ್ಣು ತರಿಸುತ್ತಾರೆ.

ಗುಂಡಿ ಒತ್ತಿದೆವು. 23 ಕೆಂಪು ಚುಕ್ಕಿ ಬಿದ್ದವು. ಇಪ್ಪತ್ತಮೂರೂ ಗುಡಿಸಲು. ಒಟ್ಟು ಜಾಗ ಹನ್ನೆರಡು ಗುಂಟೆ. ಕೆರೆಯ ಮೇಲ್ಭಾಗದಲ್ಲಿ, ಅದೇ ಗಡಿಯೊಳಗೆ, ಮೂರೂಕಾಲು ಎಕರೆ ತೆಂಗಿನ ತೋಟ ಇತ್ತು. ಅದಕ್ಕೆ ಕೆಂಪು ಬೀಳಲಿಲ್ಲ. ಅದು ಕಟ್ಟಡವಲ್ಲವಲ್ಲ, ಹಸಿರು. ಯಂತ್ರ ಅದನ್ನು ‘ಸಸ್ಯ ಹೊದಿಕೆ’ ಎಂದು ಬರೆದು ಸುಮ್ಮನಾಯಿತು. ಒತ್ತುವರಿ ಎಂದರೆ ಏನು ಎಂಬ ಒಂದು ಸಾಲಿನ ವ್ಯಾಖ್ಯೆಯಲ್ಲೇ ಯಾರು ಕಳ್ಳರು ಎಂಬುದು ತೀರ್ಮಾನವಾಗಿತ್ತು. ಗುಂಡಿ ಒತ್ತುವುದಷ್ಟೇ ಉಳಿದಿತ್ತು.

ನಮಗೆ ಮಾರ್ಗದರ್ಶನ ಮಾಡಿದವರು ಕೆಟ್ಟವರಲ್ಲ. ಫೀಸು ಕಟ್ಟಲು ಕಷ್ಟವಾದಾಗ ಕೈಯಿಂದ ಕೊಟ್ಟವರು. ಅವರು ಹೇಳಿದ್ದು ಇಷ್ಟು: ‘ನಾವು ವಿಜ್ಞಾನದವರು ಕಣ್ರಯ್ಯ. ಇರೋದನ್ನ ತೋರಿಸ್ತೀವಿ. ಆಮೇಲಿಂದು ಸರ್ಕಾರಕ್ಕೆ ಬಿಟ್ಟದ್ದು.’ ಈ ಮಾತನ್ನು ನಾವು ಹಗುರವಾಗಿ ತಳ್ಳಲಾರೆವು. ಇದರಲ್ಲಿ ಒಂದು ಪ್ರಾಮಾಣಿಕತೆ ಇದೆ. ಇದ್ದದ್ದನ್ನು ಇದ್ದಂತೆ ಹೇಳುವುದು ನಮ್ಮ ಚಳವಳಿಯ ಮೊದಲ ಪಾಠವೂ ಹೌದು. ಆದರೆ ತೋಟವೂ ಇತ್ತಲ್ಲ? ಅದೇಕೆ ತೋರಲಿಲ್ಲ?

ಟೇಪು ಹಿಡಿದುಕೊಂಡು ಕೆರೆಯಂಗಳಕ್ಕೆ ಹೋದೆವು. ಗುಡಿಸಲಿನ ಮುಂದೆ ಕೂತಿದ್ದ ಒಬ್ಬ ಅಜ್ಜಿ ಕರೆದು ಕೂರಿಸಿದಳು. ಕಾಗದ ಬಿಚ್ಚಿ ತೋರಿಸಿದೆವು. ಅಜ್ಜಿಗೆ ಓದು ಬಾರದು. ಆದರೆ ಕೆರೆಯ ಏರಿ ಎಲ್ಲಿ, ತೂಬು ಎಲ್ಲಿ, ತನ್ನ ಗುಡಿಸಲು ಎಲ್ಲಿ ಎಂದು ಬೆರಳಿಟ್ಟು ಹೇಳಿದಳು. ಕುಳವಾಡಿಯ ಕಣ್ಣು. ಆಮೇಲೆ ಕೇಳಿದಳು:

‘ಇದ ತಕಂಡೋಗಿ ಯಾರ್ಗ ಕೊಟ್ಟರಿ ಕೂಸೇ?’

ನಮ್ಮ ಬಾಯಿ ಕಟ್ಟಿತು. ವಿಶ್ವವಿದ್ಯಾಲಯಕ್ಕೆ ಎಂದೆವು. ಅವರು ಯಾರಿಗೆ ಕೊಡುತ್ತಾರೆ ಎಂದಳು. ಗೊತ್ತಿಲ್ಲ ಎಂದೆವು. ‘ಗೊತ್ತಿಲ್ದೇ ಬರ್ದ್ಬುಟ್ಟ್ರಾ?’ ಎಂದಳು. ಸಿಟ್ಟಿನಿಂದಲ್ಲ, ಅಚ್ಚರಿಯಿಂದ. ಇಷ್ಟು ಓದಿದ ಮಕ್ಕಳಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂಬಂತೆ. ಆಮೇಲೆ ಮಜ್ಜಿಗೆ ಕೊಟ್ಟಳು.

ಆ ರಾತ್ರಿ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಮೂವರೂ ಮೂರು ಮಾತಾಡಿದೆವು. ಒಬ್ಬ ಹೇಳಿದ: ಗುಡಿಸಲುಗಳನ್ನು ಅಳಿಸಿಬಿಡೋಣ. ನಕಾಶೆಯಲ್ಲಿ ಇಲ್ಲದೆ ನೂರೈವತ್ತು ವರ್ಷ ಬದುಕಿದ್ದೇವೆ, ಇನ್ನಷ್ಟು ವರ್ಷ ಬದುಕುತ್ತೇವೆ. ಇನ್ನೊಬ್ಬ ಹೇಳಿದ: ಸುಳ್ಳು ನಕಾಶೆ ಬರೆಯುವುದಾದರೆ ನಮಗೂ ಹಳೆಯ ಶಾನುಭೋಗನಿಗೂ ಏನು ವ್ಯತ್ಯಾಸ? ಗೆಳತಿ ಹೇಳಿದ ಮಾತು ಇವೆರಡನ್ನೂ ಮೀರಿದ್ದು. ಕೆರೆ ಅವರದೂ ಹೌದು, ಅಂದಳು. ಕೆರೆ ಮುಚ್ಚಿಹೋದರೆ ಮಳೆಗಾಲದ ನೀರು ಮೊದಲು ನುಗ್ಗುವುದು ಗುಡಿಸಲಿಗೆ. ಬೇಸಿಗೆಯಲ್ಲಿ ಮೊದಲು ಸಾಯುವುದು ಅವರ ಎರಡು ಮೇಕೆ. ಒತ್ತುವರಿ ತಪ್ಪು ಅಂತ ನಾವೇ ಗಟ್ಟಿಯಾಗಿ ಹೇಳಬೇಕು. ಆದರೆ ಹನ್ನೆರಡು ಗುಂಟೆಯನ್ನೂ ಮೂರೂಕಾಲು ಎಕರೆಯನ್ನೂ ಒಟ್ಟಿಗೆ ಹೇಳಬೇಕು. ಬೇರೆ ಕಡೆ ಇಪ್ಪತ್ತು ಎಕರೆ ಇದ್ದವನ ಒತ್ತುವರಿಯನ್ನೂ, ಕಾಲಿಡಲು ಬೇರೆ ಜಾಗ ಇಲ್ಲದವರ ಒತ್ತುವರಿಯನ್ನೂ ಒಂದೇ ಬಣ್ಣದಲ್ಲಿ ಬರೆದರೆ ಅದು ಸತ್ಯವೂ ಅಲ್ಲ, ವಿಜ್ಞಾನವೂ ಅಲ್ಲ.

ಹಾಗೇ ಮಾಡಿದೆವು. ಗಡಿಯೊಳಗೆ ಬಿದ್ದದ್ದೆಲ್ಲವನ್ನೂ, ತೋಟ, ಪಂಪುಮನೆ, ರಸ್ತೆ, ಗುಡಿಸಲು, ಒಂದನ್ನೂ ಬಿಡದೆ ಬರೆದೆವು. ಪ್ರತಿಯೊಂದಕ್ಕೂ ವಿಸ್ತೀರ್ಣ ಹಾಕಿದೆವು. ‘ಬೇರೆ ಜಾಗ ಇದೆಯೇ?’ ಎಂಬ ಒಂದು ಕಾಲಂ ಸೇರಿಸಿದೆವು. ಒಪ್ಪಿಸುವ ಮುಂಚೆ ಕೆರೆಯಂಗಳಕ್ಕೆ ಹೋಗಿ ಓದಿ ಹೇಳಿದೆವು. ಅಲ್ಲಿಯವರು ಎರಡು ತಿದ್ದುಪಡಿ ಕೇಳಿದರು. ನಾಲ್ಕು ವರ್ಷದಿಂದ ಕೆಟ್ಟಿರುವ ಕೈಪಂಪನ್ನು ಗುರುತು ಹಾಕಿ, ಮನೆಯವರ ಹೆಸರು ತೆಗೆಯಿರಿ. ಎರಡನ್ನೂ ಮಾಡಿದೆವು.

ಅಂಕ ಕಡಿಮೆ ಬಂತು. ಆ ಕಾಲಂ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ವಿಷಯಾಂತರ’ ಎಂದು ಬರೆದಿದ್ದರು. ಇದನ್ನು ಬರೆಯುವ ಹೊತ್ತಿಗೆ ಗುಡಿಸಲೂ ಇವೆ, ತೋಟವೂ ಇದೆ, ಪಂಪು ರಿಪೇರಿಯಾಗಿಲ್ಲ. ನಾವು ಏನೋ ಸಾಧಿಸಿದೆವು ಎಂದು ಹೇಳಿಕೊಳ್ಳುವುದಕ್ಕೆ ಇದನ್ನು ಬರೆದಿಲ್ಲ.

5

ಅಜ್ಜಿಯ ಪ್ರಶ್ನೆ ಹಿಡಿದುಕೊಂಡು ಹುಡುಕಿದಾಗ, ಇದೇ ಪ್ರಶ್ನೆ ಕೇಳಿದವರು ಬೇರೆ ದೇಶಗಳಲ್ಲೂ ಸಿಕ್ಕರು.

1960ರ ದಶಕದ ಕೊನೆಯಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ವಿಲಿಯಂ ಬಂಗಿ ಎಂಬ ಬಿಳಿಯ ಭೂಗೋಳ ಮೇಷ್ಟರು ಮತ್ತು ಗ್ವೆಂಡೊಲಿನ್ ವಾರನ್ ಎಂಬ ಹದಿಹರೆಯದ ಕರಿಯ ಹುಡುಗಿ ಸೇರಿ ಒಂದು ‘ಭೂಗೋಳ ದಂಡಯಾತ್ರೆ’ ಕಟ್ಟಿದರು. ದಂಡಯಾತ್ರೆ ದೂರದ ಕಾಡಿಗಲ್ಲ, ತಮ್ಮದೇ ಬಡ ಕೇರಿಗಳಿಗೆ. ವಿಶ್ವವಿದ್ಯಾಲಯದ ಪಾಠವನ್ನು ಅಲ್ಲಿಯ ಹುಡುಗ ಹುಡುಗಿಯರಿಗೆ ಪುಕ್ಕಟೆಯಾಗಿ ಒಯ್ದರು. ಅವರು 1971ರಲ್ಲಿ ಪ್ರಕಟಿಸಿದ ಒಂದು ನಕಾಶೆ, ಕಚೇರಿಗೆ ಕಾರಿನಲ್ಲಿ ಹೋಗಿ ಬರುವ ಜನ ಕರಿಯರ ಮಕ್ಕಳ ಮೇಲೆ ಕಾರು ಹಾಯಿಸಿದ ಜಾಗಗಳನ್ನು ತೋರಿಸುತ್ತಿತ್ತು. ಚುಕ್ಕಿಗಳೆಲ್ಲ ಒಂದೇ ದಾರಿಯ ಉದ್ದಕ್ಕೂ ಬಿದ್ದಿದ್ದವು. ಒಂದೊಂದು ಸಾವನ್ನು ಒಂದೊಂದು ಮನೆಯ ಹಣೆಬರಹ ಎನ್ನಬಹುದು. ಸಾಲಾಗಿ ಬಿದ್ದ ಚುಕ್ಕಿಗಳನ್ನು ಹಣೆಬರಹ ಎನ್ನಲಾಗದು. ಅದು ವ್ಯವಸ್ಥೆ.

ಅದೇ ದೇಶದ ಒಹಾಯೊ ರಾಜ್ಯದ ಝೇನ್ಸ್‌ವಿಲ್ ಪಟ್ಟಣದ ಪಕ್ಕ ಕೋಲ್ ರನ್ ಎಂಬ ಕರಿಯರ ಕೇರಿ. ಸುಮಾರು 50 ವರ್ಷ ಅವರಿಗೆ ಕೊಳಾಯಿ ನೀರು ಕೊಡಲಿಲ್ಲ. ಕಲ್ಲಿದ್ದಲು ಗಣಿಯಿಂದ ಬಾವಿನೀರು ಕೆಟ್ಟಿತ್ತು. ಸೂರಿನ ಮಳೆನೀರು ಹಿಡಿದು, ದೂರದಿಂದ ಹೊತ್ತು ತಂದು ಬದುಕಿದರು. ಕೇಸು ಹಾಕಿದಾಗ ಅವರ ಕಡೆಯವರು ಜಿಐಎಸ್ ನಕಾಶೆ ಇಟ್ಟರು. ನೀರಿನ ಕೊಳವೆ ಒಂದು ಪದರ, ಮನೆಗಳು ಒಂದು ಪದರ, ಮನೆಯವರು ಕರಿಯರೋ ಬಿಳಿಯರೋ ಎಂಬುದು ಇನ್ನೊಂದು ಪದರ. ಮೂರನ್ನೂ ಒಂದರ ಮೇಲೊಂದು ಇಟ್ಟಾಗ ಕೊಳವೆ ಎಲ್ಲಿ ನಿಂತಿತು, ಯಾಕೆ ನಿಂತಿತು ಎಂಬುದು ಕುರುಡನಿಗೂ ಕಾಣುವಂತಾಯಿತು. 2008ರಲ್ಲಿ ಜ್ಯೂರಿ ಸುಮಾರು 1.1 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪು ಕೊಟ್ಟಿತು. 1927ರಲ್ಲಿ ಮಹಾಡಿನ ಚೌಡಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿದವರ ಮೊಮ್ಮಕ್ಕಳಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ನಾವು ಕಲಿತ ಪದರಗಳ ಪಾಠವೇ ಅದು. ಪಾಠ ಒಂದೇ. ನಕಾಶೆ ಕೇರಿಯವರ ಕೈಯಿಂದ ಹೊರಟು ನ್ಯಾಯಾಲಯಕ್ಕೆ ಹೋಯಿತು ಎಂಬುದು ವ್ಯತ್ಯಾಸ.

ದೂರ ಯಾಕೆ, ನಮ್ಮ ಬಿಳಿಗಿರಿರಂಗನ ಬೆಟ್ಟವನ್ನೇ ನೋಡಿ. 2011ರಲ್ಲಿ ಅದು ಹುಲಿ ರಕ್ಷಿತಾರಣ್ಯವಾಯಿತು. ಅದಕ್ಕೂ ಮುಂಚೆಯೇ ಸೋಲಿಗರ ಹಿರಿಯರು ಸಂಶೋಧಕರ ಜೊತೆ ಜಿಪಿಎಸ್ ಹಿಡಿದು ಕಾಡು ಸುತ್ತಿ ತಮ್ಮ ದೇವರು, ಮಾರಮ್ಮ, ವೀರರು, ಕಲ್ಲುಗುಡಿ, ಅಬ್ಬಿಗಳನ್ನು, ಒಟ್ಟು ನಾನೂರಕ್ಕೂ ಹೆಚ್ಚು ಜಾಗಗಳನ್ನು, ನಕಾಶೆಗೆ ಇಳಿಸಿದ್ದರು. ಯಾವ ಕುಲದ ಎಲ್ಲೆ ಎಲ್ಲಿಂದ ಎಲ್ಲಿಗೆ ಎಂಬುದು ಅದರಲ್ಲಿತ್ತು. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರಿಗೆ ಸಾಮುದಾಯಿಕ ಅರಣ್ಯ ಹಕ್ಕು ಸಿಕ್ಕಿತು. ಹುಲಿ ರಕ್ಷಿತಾರಣ್ಯದ ಒಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು.

ಹಾಗಾದರೆ ನಕಾಶೆ ಎಂದರೆ ಬಿಡುಗಡೆಯೇ? ಅಲ್ಲ. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟು, ಅರಣ್ಯ ಹಕ್ಕಿನ ಅರ್ಜಿ ತಿರಸ್ಕಾರವಾದವರನ್ನು ತೆರವು ಮಾಡುವಂತೆ ರಾಜ್ಯಗಳಿಗೆ ಹೇಳಿದಾಗ, ಉಪಗ್ರಹ ಸರ್ವೆ ಮಾಡಿ ಒತ್ತುವರಿಯ ಸ್ಥಿತಿ ತೋರಿಸುವಂತೆ ಭಾರತೀಯ ಅರಣ್ಯ ಸರ್ವೇಕ್ಷಣೆಗೂ ಹೇಳಿತು. ದೇಶದ ತುಂಬ ಆದಿವಾಸಿಗಳು ಎದ್ದರು. ಅದೇ ತಿಂಗಳ 28ರಂದು ತೆರವಿನ ಆದೇಶಕ್ಕೆ ತಡೆ ಬಂತು. ಕಾಡಿನಲ್ಲಿ ಸೋಲಿಗರ ಹಕ್ಕನ್ನು ತೋರಿಸಿದ್ದು ಆಕಾಶದ ಅಳತೆಯೇ, ಕಾಡಿನವರನ್ನು ಕಳ್ಳರೆಂದು ತೋರಿಸಲು ಹೊರಟದ್ದೂ ಅದೇ ಆಕಾಶದ ಅಳತೆಯೇ. ನೆಲದ ದಾಖಲೆಯ ಕಥೆಯೂ ಇದೇ. ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನು ಪರಭಾರೆಯಾಗದಂತೆ 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಬಹಳ ತಡವಾಗಿ ಅರ್ಜಿ ಹಾಕಿದಿರಿ ಎಂದು ನ್ಯಾಯಾಲಯಗಳು ಅರ್ಜಿಗಳನ್ನು ತಳ್ಳಿದ ಮೇಲೆ, ಕಾಲಮಿತಿಯ ಅಡ್ಡಿ ತೆಗೆಯಲು ಹೋರಾಡಿ 2023ರಲ್ಲಿ ತಿದ್ದುಪಡಿ ತರಿಸಬೇಕಾಯಿತು. ಕಾಗದದಲ್ಲಿ ಗೆರೆ ಇದ್ದರೆ ಸಾಲದು. ಆ ಗೆರೆಯನ್ನು ಹಿಡಿದು ನಿಲ್ಲುವ ಜನ ಬೇಕು.

6

ಗೆಳೆಯರೆ, ನಮ್ಮ ಚಳವಳಿಯಲ್ಲಿ ಎರಡು ಮಾತು ಕೇಳುತ್ತೇವೆ. ಒಂದು, ವಿಜ್ಞಾನ ಎಲ್ಲರದು, ಕಲಿತರೆ ಬಿಡುಗಡೆ. ಇನ್ನೊಂದು, ಇದೆಲ್ಲ ಒಡೆಯರ ಆಯುಧ, ಮುಟ್ಟಿದರೆ ಒಡೆಯರ ಆಳಾಗುತ್ತೇವೆ. ಎರಡರಲ್ಲೂ ನಿಜವಿದೆ, ಎರಡೂ ಸಾಲವು. ಮುಟ್ಟಬಾರದು ಎಂಬ ಮಾತನ್ನು ನಾವು ಯಾವ ವಿಷಯದಲ್ಲೂ ಒಪ್ಪುವವರಲ್ಲ. ಆದರೆ ಮುಟ್ಟಿದ ಮೇಲೆ ಏನು ಎಂಬುದು ಉಳಿಯುತ್ತದೆ.

ಮತ್ತೆ ಕುಳವಾಡಿ ನೆನಪಾಗುತ್ತಾನೆ. ಅವನಿಗೆ ಆದದ್ದು ಅನ್ಯಾಯ. ನೆಲದ ಮೇಲೆ ಅವನಿಗೆ ಹಕ್ಕಿರಲಿಲ್ಲ, ಆದರೂ ಗೆರೆ ತಪ್ಪಿದರೆ ಪ್ರಾಣ ಕೊಡಬೇಕಾದವನು ಅವನು. ಇಂದು ತಣ್ಣನೆಯ ಕೋಣೆಯಲ್ಲಿ ಕೂತು ಗೆರೆ ಎಳೆಯುವವನದು ಇದರ ತಿರುಗುಮುರುಗು. ಅವನಿಗೆ ಎಲ್ಲ ಅಧಿಕಾರವಿದೆ, ಗೆರೆ ತಪ್ಪಿದರೆ ಅವನ ಕೂದಲೂ ಕೊಂಕದು. ತಪ್ಪಿನ ಫಲ ತಿನ್ನುವುದು ಕೆರೆಯಂಗಳದ ಅಜ್ಜಿ. ಅಂದು ಹೊಣೆ ಇದ್ದವನಿಗೆ ಹಕ್ಕಿರಲಿಲ್ಲ, ಇಂದು ಹಕ್ಕು ಇದ್ದವನಿಗೆ ಹೊಣೆಯಿಲ್ಲ. ಗೆರೆಯ ಮೇಲೆ ಬದುಕುವವರಿಗೆ ಗೆರೆಯ ಮೇಲೆ ಹಕ್ಕು ಬರಬೇಕು, ಗೆರೆ ಎಳೆಯುವವರ ಹೆಗಲ ಮೇಲೆ ಹೊಣೆ ಬರಬೇಕು. ನಮಗೆ ತಿಳಿದಂತೆ ನ್ಯಾಯ ಅಂದರೆ ಇಷ್ಟೇ.

ಇದು ದೊಡ್ಡ ಮಾತಾಯಿತು. ಚಿಕ್ಕದಾಗಿ, ನಾಳೆಯೇ ಮಾಡುವಂತೆ ಹೇಳುತ್ತೇವೆ. ನಮ್ಮಂತೆ ಈ ವಿದ್ಯೆ ಓದುತ್ತಿರುವ ಹುಡುಗ ಹುಡುಗಿಯರು ಯಾರದೇ ಮನೆಯನ್ನು ನಕಾಶೆಗೆ ಇಳಿಸಿದರೆ, ಕಚೇರಿಗೆ ಕೊಡುವ ಮುಂಚೆ ಆ ಮನೆಯ ಮುಂದೆ ಬಿಚ್ಚಿ ಓದಿ ಹೇಳಿ. ಏನು ಬಿಡಬೇಕು ಎಂದು ಅವರು ಹೇಳಿದರೆ ಬಿಡಿ, ಏನು ಸೇರಿಸಬೇಕು ಎಂದರೆ ಸೇರಿಸಿ. ಆದರೆ ಬಲಾಢ್ಯನ ತೋಟವನ್ನು ಹಸಿರೆಂದು ಬರೆದು ಬಿಡಬೇಡಿ. ಹಳ್ಳಿಯ ಮೇಷ್ಟರುಗಳು ಏಳನೆಯ ತರಗತಿಯ ಮಕ್ಕಳ ಕೈಯಲ್ಲಿ ಊರಿನ ಪಟ ಬರೆಸಿ. ಶಾಲೆಯಿಂದ ಮನೆಗೆ ಯಾವ ದಾರಿಯಲ್ಲಿ ಹೋಗುತ್ತಾರೋ ಆ ದಾರಿಯನ್ನು ಅವರೇ ಬರೆಯಲಿ. ಎಲ್ಲ ಪಟಗಳನ್ನೂ ಗೋಡೆಗೆ ಸಾಲಾಗಿ ಅಂಟಿಸಿ. ಒಂದೇ ಊರಿನಲ್ಲಿ ಎಷ್ಟು ಊರಿವೆ ಎಂಬುದು ಮಕ್ಕಳಿಗೆ ತಾನಾಗಿ ತಿಳಿಯುತ್ತದೆ. ಇದಕ್ಕೆ ಕಂಪ್ಯೂಟರ್ ಬೇಡ, ಉಪಗ್ರಹ ಬೇಡ.

ನಮ್ಮಲ್ಲೊಬ್ಬನಿಗೆ ಈಗ ಕೆಲಸ ಸಿಕ್ಕಿದೆ. ಡ್ರೋನ್ ಚಿತ್ರದ ಮೇಲೆ ಮನೆಗಳ ಸುತ್ತ ಗೆರೆ ಎಳೆಯುವ ಕೆಲಸ, ದಿನಕ್ಕೆ ಇಷ್ಟು ಮನೆ ಎಂದು ಲೆಕ್ಕ. ಮೊನ್ನೆ ಊರಿಗೆ ಹೋದಾಗ ಅವನ ತಾತ ಕೇಳಿತಂತೆ, ‘ಅದೇನ್ಲಾ ಮಗ ನಿನ್ ಕೆಲಸ?’ ಅಂತ. ಗಡಿ ಹಾಕೋದು ತಾತ, ಎಂದನಂತೆ. ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕಾಲಿಟ್ಟು ನಡ್ದಿದ್ದೀಯಾ?’ ಅಂತ ಕೇಳಿತಂತೆ.

ಅವನು ಇನ್ನೂ ಉತ್ತರ ಹೇಳಿಲ್ಲ. ನಾವೂ ಹೇಳಿಲ್ಲ.